‘ಮೊದಲು ಸೇರ್ಕೊಳ್ಲಿ, ಆಮೇಲೆ ಪೈಲಟ್ ಆಗ್ತಾನೆ’ ಅನ್ನುವ ಪೋಷಕರಿಗೆ

ವಾಯುಪಡೆಯಿಂದ ನಿವೃತ್ತಿಯಾದ ಮೇಲೆ ಸೇನಾ ಪರೀಕ್ಷೆಗಳಿಗೆ ತಯಾರಾಗುವ ಮಕ್ಕಳಿಗೆ ಮಾರ್ಗದರ್ಶನ ಮಾಡುತ್ತಿದ್ದೇನೆ. ಮಕ್ಕಳ ಜೊತೆ ಬರುವ ಅಪ್ಪ ಅಮ್ಮಂದಿರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ‘ಸರ್, ಮೊದಲು ಹೇಗಾದರೂ ಒಳಗೆ ಸೇರ್ಕೊಳ್ಲಿ. ಆಮೇಲೆ ಪ್ರಮೋಷನ್ ತಗೊಂಡು ಪೈಲಟ್ ಆಗ್ತಾನೆ.’

ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಹಾಗಾಗಿ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಭಾರತೀಯ ವಾಯುಪಡೆಯಲ್ಲಿ ಇರುವುದು ಒಂದು ಏಣಿಯಲ್ಲ, ಎರಡು. ಒಂದು ಅಧಿಕಾರಿಗಳದ್ದು, ಪೈಲಟ್‌ಗಳು ಇರುವುದು ಇದರಲ್ಲೇ. ಅದು ಫ್ಲೈಯಿಂಗ್ ಆಫೀಸರ್‌ನಿಂದ ಶುರುವಾಗುತ್ತದೆ. ಆಮೇಲೆ ಫ್ಲೈಟ್ ಲೆಫ್ಟಿನೆಂಟ್, ಸ್ಕ್ವಾಡ್ರನ್ ಲೀಡರ್, ವಿಂಗ್ ಕಮಾಂಡರ್, ಗ್ರೂಪ್ ಕ್ಯಾಪ್ಟನ್, ಹೀಗೇ ಏರ್ ಚೀಫ್ ಮಾರ್ಷಲ್‌ವರೆಗೆ. ಇನ್ನೊಂದು ಏರ್‌ಮನ್‌ಗಳದ್ದು, ಅಂದರೆ ಅಧಿಕಾರಿಗಳಲ್ಲದ ಸಿಬ್ಬಂದಿಯದ್ದು. ಅದು ಏರ್‌ಕ್ರಾಫ್ಟ್ಸ್‌ಮನ್, ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್, ಕಾರ್ಪೋರಲ್, ಸಾರ್ಜೆಂಟ್, ಮೂರು ಹಂತದ ವಾರಂಟ್ ಆಫೀಸರ್‌ಗಳು. ಕೊನೆಯ ಮೆಟ್ಟಿಲು ಮಾಸ್ಟರ್ ವಾರಂಟ್ ಆಫೀಸರ್. ಅದರ ಮೇಲೆ ಫ್ಲೈಯಿಂಗ್ ಆಫೀಸರ್ ಮೆಟ್ಟಿಲು ಇಲ್ಲ. ಅದು ಪಕ್ಕದ ಏಣಿಯ ಮೊದಲ ಮೆಟ್ಟಿಲು.

ಗೊಂದಲ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ‘ನಮ್ಮ ಭಾವ ಏರ್‌ಮನ್ ಆಗಿ ಸೇರಿ ಫ್ಲೈಯಿಂಗ್ ಆಫೀಸರ್ ಆಗಿ ರಿಟೈರ್ ಆದ್ರಲ್ಲ ಸರ್’ ಅನ್ನುತ್ತಾರೆ. ನಿಜ ಇರಬಹುದು. ದೀರ್ಘ ಸೇವೆ ಸಲ್ಲಿಸಿದ ಕೆಲವು ಮಾಸ್ಟರ್ ವಾರಂಟ್ ಆಫೀಸರ್‌ಗಳಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಸಂದರ್ಭದಲ್ಲಿ ಫ್ಲೈಯಿಂಗ್ ಆಫೀಸರ್‌ನಂಥ ಅಧಿಕಾರಿ ದರ್ಜೆಯನ್ನು ಗೌರವಾರ್ಥವಾಗಿ ಕೊಡುತ್ತಾರೆ. ಇಡೀ ಜೀವನದ ದುಡಿಮೆಗೆ ಸಿಗುವ ದೊಡ್ಡ ಮರ್ಯಾದೆ ಅದು. ಆದರೆ ಅದನ್ನು ನೋಡಿ ಹದಿನೆಂಟರ ಹುಡುಗ ಪೈಲಟ್ ಆಗುವ ಲೆಕ್ಕ ಹಾಕಬಾರದು.

ಏರ್‌ಮನ್‌ಗಳು ಅಧಿಕಾರಿಗಳಾಗುವ ದಾರಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಸೇವೆಯಲ್ಲಿದ್ದುಕೊಂಡೇ ಅರ್ಜಿ ಹಾಕಿ, ವಯಸ್ಸು ಮತ್ತು ವಿದ್ಯಾರ್ಹತೆಯ ಷರತ್ತು ದಾಟಿ, ಆಯ್ಕೆ ಮಂಡಳಿಯ ಮುಂದೆ ಕೂತು ಗೆದ್ದವರಿದ್ದಾರೆ. ಅಂಥವರ ಜೊತೆ ಕೆಲಸ ಮಾಡಿದ್ದೇನೆ, ತುಂಬಾ ಗಟ್ಟಿ ಜನ. ಆದರೆ ಅದು ಬಡ್ತಿ ಅಲ್ಲ, ಹೊಸದಾಗಿ ಆಯ್ಕೆಯಾಗುವುದು. ಸೇವೆಯ ವರ್ಷಗಳು ಏರಿದ ಹಾಗೆ ತಾನಾಗಿ ಬರುವಂಥದ್ದಲ್ಲ.

ಅಗ್ನಿಪಥ್ ಅನ್ನುವ ಅಲ್ಪಾವಧಿ ಸೇನಾ ನೇಮಕಾತಿ ಯೋಜನೆ ಬಂದಿರುವುದು 2022ರಲ್ಲಿ. ಅಲ್ಲಿಂದ ಈ ತಪ್ಪು ತಿಳಿವಳಿಕೆ ಇನ್ನೂ ಜಾಸ್ತಿಯಾಗಿದೆ. ಆ ಯೋಜನೆಯಲ್ಲಿ ವಾಯುಪಡೆಗೆ ‘ಅಗ್ನಿವೀರ್ ವಾಯು’ ಆಗಿ ಸೇರಿದರೆ ನಾಲ್ಕು ವರ್ಷ. ಆಮೇಲೆ ಒಂದು ತಂಡದಲ್ಲಿ ಹೆಚ್ಚೆಂದರೆ ಶೇ. 25ರಷ್ಟು ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದುಕೊಂಡವರೂ ಏರ್‌ಮನ್‌ಗಳೇ, ಅಧಿಕಾರಿಗಳಲ್ಲ. ಸದ್ಯದ ನಿಯಮ ಇದು. ನೀವು ಓದುವ ಹೊತ್ತಿಗೆ ಬದಲಾಗಿದ್ದರೂ ಆಗಿರಬಹುದು, ಆದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಓದಿ.

ಹಾಗಂತ ಏರ್‌ಮನ್ ಕೆಲಸ ಸಣ್ಣದು ಅಂತ ಯಾರಾದರೂ ತಿಳಿದರೆ ನನಗೆ ನೋವಾಗುತ್ತದೆ. ಹ್ಯಾಂಗರ್‌ನಲ್ಲಿ ಒಂದು ಬೆಳಿಗ್ಗೆ ನಿಂತು ನೋಡಬೇಕು. ಎಂಜಿನ್, ಏರ್‌ಫ್ರೇಮ್, ವಿದ್ಯುತ್, ಉಪಕರಣ, ಶಸ್ತ್ರ ಅಂತ ಒಂದೊಂದು ಟ್ರೇಡ್‌ನವರೂ (ಕೆಲಸದ ವಿಭಾಗದವರೂ) ತಮ್ಮ ಭಾಗ ಪರೀಕ್ಷಿಸಿ ವಿಮಾನದ ದಾಖಲೆ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಆ ಸಹಿಗಳನ್ನೆಲ್ಲ ನೋಡಿದ ಮೇಲೆ ಪೈಲಟ್ ಸಹಿ ಹಾಕಿ ವಿಮಾನ ತಗೊಳ್ಳುತ್ತಾನೆ. ಒಮ್ಮೆ ಒಬ್ಬ ವಾರಂಟ್ ಆಫೀಸರ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, ‘ಸರ್, ಹೈಡ್ರಾಲಿಕ್ ಲೈನ್ ಹತ್ತಿರ ತೇವ ಇದೆ. ಇದನ್ನ ಇವತ್ತು ಕೊಡಲ್ಲ’ ಅಂದರು. ಎದುರಿಗಿದ್ದ ಫ್ಲೈಟ್ ಲೆಫ್ಟಿನೆಂಟ್ ದರ್ಜೆಯಲ್ಲಿ ದೊಡ್ಡವನು, ವಯಸ್ಸಿನಲ್ಲಿ ಅವರ ಮಗನಷ್ಟು. ‘ಸರಿ ಸರ್’ ಅಂದು ಹೆಲ್ಮೆಟ್ ಹಿಡಿದು ವಾಪಸ್ ಹೋದ. ಯಂತ್ರಗಳ ಮೇಲೆ ಪ್ರೀತಿ ಇರುವ ಮಕ್ಕಳಿಗೆ ನಾನು ಈ ಕೆಲಸವನ್ನು ಮನಸಾರೆ ಹೇಳುತ್ತೇನೆ. ಹಾರುವ ಆಸೆ ಇರುವ ಮಗುವನ್ನು ಇಲ್ಲಿಗೆ ತಳ್ಳಬೇಡಿ ಅಷ್ಟೇ.

ಅಧಿಕಾರಿಗಳೆಲ್ಲ ಹಾರುತ್ತಾರೆ ಅನ್ನುವುದೂ ಸರಿಯಲ್ಲ. ಹಾರಾಟ, ತಾಂತ್ರಿಕ, ಆಡಳಿತ, ಲಾಜಿಸ್ಟಿಕ್ಸ್, ಲೆಕ್ಕಪತ್ರ, ಶಿಕ್ಷಣ, ಹವಾಮಾನ ಅಂತ ಶಾಖೆಗಳಿವೆ. 2022ರಲ್ಲಿ ವೆಪನ್ ಸಿಸ್ಟಮ್ಸ್ ಶಾಖೆಯನ್ನೂ ಘೋಷಿಸಿದರು. ದರ್ಜೆಗಳು ಎಲ್ಲರಿಗೂ ಒಂದೇ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಮರಳದ, ಮಹಾವೀರ ಚಕ್ರ ಪಡೆದ ಕೊಡಗಿನ ಅಜ್ಜಮಾಡ ದೇವಯ್ಯ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಸಂಬಳದ ಲೆಕ್ಕ ನೋಡುವ ಅಧಿಕಾರಿಯೂ ಸ್ಕ್ವಾಡ್ರನ್ ಲೀಡರ್ ಆಗಿರುತ್ತಾರೆ. ಹಾರುವವರು ಯಾರು ಅಂತ ಗೊತ್ತಾಗಬೇಕಾದರೆ ಭುಜದ ಪಟ್ಟಿ ನೋಡಬೇಡಿ, ಎದೆಯ ಮೇಲಿನ ರೆಕ್ಕೆಯ ಗುರುತು ನೋಡಿ.

ಪೈಲಟ್ ಆಗಲು ಪಿಯುಸಿ ಆದ ಮೇಲೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಹೋಗಬಹುದು, ಅದಕ್ಕೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಅದು ತಪ್ಪಿದರೆ ಪದವಿ ಮುಗಿಸಿ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆ ಅಥವಾ ವಾಯುಪಡೆಯೇ ನಡೆಸುವ ಎಎಫ್‌ಕ್ಯಾಟ್ ಪರೀಕ್ಷೆ ಬರೆಯಬಹುದು. ಎಎಫ್‌ಕ್ಯಾಟ್‌ನಲ್ಲಿ ಹಾರಾಟ ಶಾಖೆಗೆ ಸಾಮಾನ್ಯವಾಗಿ 20ರಿಂದ 24 ವರ್ಷ. ಪದವಿ ಯಾವುದಾದರೂ ನಡೆಯುತ್ತದೆ, ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಲೇಬೇಕು. ಇದು ಗೊತ್ತಿಲ್ಲದೆ ಕಾಮರ್ಸ್ ತಗೊಂಡ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ ಬಂದಿದ್ದಳು. ಚುರುಕು ಕಣ್ಣು, ಓಟದಲ್ಲಿ ಬಹುಮಾನ, ಮಾತಿನಲ್ಲಿ ಧೈರ್ಯ. ಹಾರಾಟ ಶಾಖೆ ಆಗಲ್ಲ ಅಂತ ಹೇಳುವುದು ನನಗೂ ಕಷ್ಟವಾಯಿತು. ಅವಳು ಲಾಜಿಸ್ಟಿಕ್ಸ್ ಶಾಖೆಗೆ ಅರ್ಜಿ ಹಾಕಿದಳು. ಹತ್ತನೇ ಕ್ಲಾಸ್ ಮುಗಿಯುತ್ತಿದ್ದಂತೆ ಯಾರಾದರೂ ಹೇಳಿದ್ದರೆ ಅವಳಿಗೆ ಎರಡೂ ದಾರಿ ತೆರೆದಿರುತ್ತಿತ್ತು, ಅಲ್ವಾ?

ಇನ್ನೊಂದು ವಿಷಯ. ಹಾರಾಟ ಶಾಖೆಗೆ ಬೇಕಾದ ಪೈಲಟ್ ಆಯ್ಕೆಯ ಯಂತ್ರ ಪರೀಕ್ಷೆಯನ್ನು, ಅಂದರೆ ಕಂಪ್ಯೂಟರ್ ಮುಂದೆ ಕೂರಿಸಿ ಹಾರಾಟದ ಸಾಮರ್ಥ್ಯ ಅಳೆಯುವ ಪರೀಕ್ಷೆಯನ್ನು, ಜೀವನದಲ್ಲಿ ಒಂದೇ ಸಲ ತೆಗೆದುಕೊಳ್ಳಬಹುದು. ಅದರಲ್ಲಿ ಒಮ್ಮೆ ಫೇಲ್ ಆದರೆ ಮತ್ತೆ ಅವಕಾಶವಿಲ್ಲ. ‘ಸುಮ್ನೆ ಒಂದ್ಸಲ ನೋಡಿ ಬರ್ತೀನಿ’ ಅಂತ ಹೋಗುವ ಜಾಗ ಅಲ್ಲ ಅದು. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಾಲಿನ ಉದ್ದ ಎಲ್ಲವನ್ನೂ ಮೊದಲೇ ಒಳ್ಳೆಯ ವೈದ್ಯರಲ್ಲಿ ತೋರಿಸಿಕೊಳ್ಳಿ. ಅಂತಿಮ ಮಾತು ಸೇನಾ ವೈದ್ಯರದ್ದೇ, ಆದರೂ ದೊಡ್ಡ ಅಡ್ಡಿಯೇನಾದರೂ ಇದ್ದರೆ ಮುಂಚೆಯೇ ತಿಳಿಯುತ್ತದೆ. ಆ ಯಂತ್ರ ಪರೀಕ್ಷೆಯಲ್ಲಿ ಫೇಲ್ ಆದವರಿಗೂ ವಯಸ್ಸು ಮತ್ತು ಓದು ಹೊಂದಿದರೆ ನೆಲದ ಮೇಲಿನ ಶಾಖೆಗಳಿಗೆ ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ.