ಧ್ರುವೀಯವಲ್ಲದ ದ್ರವದ ಕುದಿಬಿಂದು ಹೆಚ್ಚಿರುವುದೇಕೆ?

ಪ್ರಶ್ನೆ: ಕ್ಲೋರೋಫಾರ್ಮ್ ಧ್ರುವೀಯ, ಅಂದರೆ ಅದರ ಅಣುವಿನ ಒಂದು ಬದಿ ಸದಾ ತುಸು ಧನ, ಇನ್ನೊಂದು ಬದಿ ತುಸು ಋಣ; ಕಾರ್ಬನ್ ಟೆಟ್ರಾಕ್ಲೋರೈಡ್ ಧ್ರುವೀಯವಲ್ಲ. ಧ್ರುವೀಯ ಅಣುಗಳ ನಡುವೆ ಸೆಳೆತ ಹೆಚ್ಚು, ಹಾಗಾಗಿ ಕುದಿಬಿಂದುವೂ ಹೆಚ್ಚೆನ್ನುತ್ತಾರೆ. ಆದರೆ ಕುದಿಬಿಂದುಗಳ ಕೋಷ್ಟಕ ನೋಡಿದರೆ ಉಲ್ಟಾ ಇದೆಯಲ್ಲ?

ಉತ್ತರ: ಕೋಷ್ಟಕ ಸರಿಯಾಗಿಯೇ ಇದೆ. ಕ್ಲೋರೋಫಾರ್ಮ್ ಸುಮಾರು 61 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಕಾರ್ಬನ್ ಟೆಟ್ರಾಕ್ಲೋರೈಡ್ ಸುಮಾರು 77ರಲ್ಲಿ. ಧ್ರುವೀಯತೆಯ ಬಗ್ಗೆ ನೀವು ಕಲಿತದ್ದೂ ತಪ್ಪಲ್ಲ. ಕಾರ್ಬನ್ ಟೆಟ್ರಾಕ್ಲೋರೈಡಿನ ಒಂದೊಂದು ಬಂಧವೂ ಧ್ರುವೀಯವೇ. ಆದರೆ ನಾಲ್ಕು ಕ್ಲೋರಿನ್ ಪರಮಾಣುಗಳು ನಾಲ್ಕು ದಿಕ್ಕಿಗೆ ಸಮನಾಗಿ ಜಗ್ಗುವುದರಿಂದ ಒಟ್ಟು ಲೆಕ್ಕ ಸೊನ್ನೆಯಾಗುತ್ತದೆ. ಕ್ಲೋರೋಫಾರ್ಮಿನಲ್ಲಿ ಒಂದು ಕ್ಲೋರಿನ್ನಿನ ಜಾಗದಲ್ಲಿ ಹೈಡ್ರೋಜನ್ ಕೂತಿದೆ, ಸಮತೋಲ ತಪ್ಪಿದೆ.

ಇಲ್ಲಿ ಲೆಕ್ಕಕ್ಕೆ ಬಾರದೆ ಉಳಿದದ್ದು ಇನ್ನೊಂದು ಬಲ. ಅಣುವಿನೊಳಗೆ ಇಲೆಕ್ಟ್ರಾನುಗಳ ಹಂಚಿಕೆ ಸದಾ ಏರುಪೇರಾಗುತ್ತಿರುತ್ತದೆ. ಯಾವುದೋ ಕ್ಷಣದಲ್ಲಿ ಅವು ಒಂದು ಬದಿಗೆ ತುಸು ಹೆಚ್ಚು ಸೇರಿದರೆ ಆ ಬದಿ ಋಣವಾಗುತ್ತದೆ, ಎದುರು ಬದಿ ಧನವಾಗುತ್ತದೆ. ಅದರ ಪ್ರಭಾವಕ್ಕೆ ಪಕ್ಕದ ಅಣುವಿನ ಇಲೆಕ್ಟ್ರಾನುಗಳೂ ಸರಿಯುತ್ತವೆ. ಎರಡೂ ಅಣುಗಳು ಪರಸ್ಪರ ಸೆಳೆಯುತ್ತವೆ. 1930ರಲ್ಲಿ ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ ಇದನ್ನು ಕ್ವಾಂಟಮ್ ಸಿದ್ಧಾಂತದ ಮೂಲಕ ವಿವರಿಸಿದರು. ಧ್ರುವೀಯವಿರಲಿ, ಇಲ್ಲದಿರಲಿ, ಈ ಸೆಳೆತವಿಲ್ಲದ ಅಣುವೇ ಇಲ್ಲ. ಇಲೆಕ್ಟ್ರಾನುಗಳು ಹೆಚ್ಚಿದಂತೆ, ಅವುಗಳ ಮೇಲಿನ ಹಿಡಿತ ಸಡಿಲವಾದಂತೆ ಅದು ಬಲಗೊಳ್ಳುತ್ತದೆ. ಕ್ಲೋರೋಫಾರ್ಮಿನಲ್ಲಿ 58 ಇಲೆಕ್ಟ್ರಾನುಗಳಿವೆ, ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ 74. ಧ್ರುವೀಯತೆಯಿಂದ ಕ್ಲೋರೋಫಾರ್ಮಿಗೆ ಸಿಕ್ಕ ಲಾಭ ಈ ಕೊರತೆಯನ್ನು ತುಂಬಲು ಸಾಲುವುದಿಲ್ಲ. ಧ್ರುವೀಯವಲ್ಲದ ಅಯೋಡಿನ್ ಕೋಣೆಯ ತಾಪದಲ್ಲಿ ಘನರೂಪದಲ್ಲಿರುವುದಕ್ಕೂ ಇದೇ ಬಲ ಕಾರಣ. ‘ದುರ್ಬಲ ಬಲ’ ಎಂದು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಪಾಠಗಳು ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡುತ್ತವೆ.

ಹಾಗಾದರೆ ಧ್ರುವೀಯತೆಗೆ ಬೆಲೆಯಿಲ್ಲವೇ? ಖಂಡಿತ ಇದೆ. ಅದನ್ನು ಕಾಣಲು ಇಲೆಕ್ಟ್ರಾನ್ ಸಂಖ್ಯೆ ಸಮನಾಗಿರುವ ಜೋಡಿ ಬೇಕು. ಬ್ರೋಮಿನ್ ಅಣುವಿನಲ್ಲಿ 70 ಇಲೆಕ್ಟ್ರಾನುಗಳು, ಅಯೋಡಿನ್ ಮಾನೋಕ್ಲೋರೈಡಿನಲ್ಲೂ 70. ಧ್ರುವೀಯವಲ್ಲದ ಬ್ರೋಮಿನ್ 59 ಡಿಗ್ರಿಯಲ್ಲೇ ಕುದಿದರೆ, ಧ್ರುವೀಯವಾದ ಅಯೋಡಿನ್ ಮಾನೋಕ್ಲೋರೈಡಿಗೆ ಸುಮಾರು 97 ಡಿಗ್ರಿ ಬೇಕು. ಈ ವಿಷಯ ಕಲಿಸುವವರು ಮೊದಲು ಕೊಡಬೇಕಾದ ಉದಾಹರಣೆ ಇದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀರಿನಂಥ ಅಣುಗಳಿಗೆ ಮಾತ್ರ ಬರೀ ಇಲೆಕ್ಟ್ರಾನ್ ಎಣಿಸಿದರೆ ಸಾಲದು. ಮೀಥೇನಿನಲ್ಲೂ ನೀರಿನಲ್ಲೂ ಇರುವುದು ತಲಾ 10 ಇಲೆಕ್ಟ್ರಾನುಗಳು. ಮೀಥೇನ್ ಮೈನಸ್ 161ರಲ್ಲೇ ಕುದಿಯುತ್ತದೆ, ನೀರು 100ರಲ್ಲಿ. ಒಂದು ನೀರಿನ ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕದೊಡನೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುವುದರಿಂದ ಇಷ್ಟು ದೊಡ್ಡ ಅಂತರ.