ಅನಾಕ್ರಿಯಾನನ ತಲೆಯ ಮಾಲೆ

ಹಳೆಯ ಗ್ರೀಕ್ ಪದ್ಯವೊಂದರಲ್ಲಿ ಕವಿಯ ಕನಸಿಗೆ ಒಬ್ಬ ಮುದುಕ ಬರುತ್ತಾನೆ, ಗ್ರೀಕ್ ಕವಿ ಅನಾಕ್ರಿಯಾನ್. ವಯಸ್ಸಾದರೂ ಚೆಲುವ, ತುಟಿಯಲ್ಲಿ ವೈನ್ ವಾಸನೆ, ಮೈ ನಡುಗುತ್ತಿದೆ, ಪ್ರೇಮದೇವತೆ ಈರೋಸ್ ಕೈಹಿಡಿದು ನಡೆಸುತ್ತಿದ್ದಾನೆ. ಮುದುಕ ತಲೆಗೆ ಮುಡಿದಿದ್ದ ಮಾಲೆ ತೆಗೆದು ಕೊಡುತ್ತಾನೆ. ಅದಕ್ಕೆ ಅನಾಕ್ರಿಯಾನನದೇ ವಾಸನೆ. ಪೆದ್ದನಂತೆ ಅದನ್ನು ಮುಡಿದುಕೊಂಡೆ, ಅವತ್ತಿನಿಂದ ಪ್ರೀತಿ ನನ್ನ ಬೆನ್ನು ಬಿಟ್ಟಿಲ್ಲ ಅನ್ನುತ್ತಾನೆ ಕವಿ.

ಈ ಪದ್ಯ ಬರೆದವನ ಹೆಸರು ಉಳಿದಿಲ್ಲ. ಮಾಲೆ ಕೊಟ್ಟವನ ಹೆಸರು ಮಾತ್ರ ಉಳಿಯಿತು.

ನಿಜವಾದ ಅನಾಕ್ರಿಯಾನ್ ಕ್ರಿ.ಪೂ. 6ನೇ ಶತಮಾನದವನು. ಈಗಿನ ಟರ್ಕಿಯ ಕರಾವಳಿಯಲ್ಲಿದ್ದ ಟಿಯೋಸ್ ಅವನ ಊರು. ಪರ್ಷಿಯನ್ನರು ಏರಿ ಬಂದಾಗ ಊರಿನವರೆಲ್ಲ ಹಡಗು ಹತ್ತಿ ಗ್ರೀಸಿನ ಉತ್ತರ ಕರಾವಳಿಯ ಅಬ್ಡೀರಾಕ್ಕೆ ಹೋದರು. ಆಮೇಲೆ ಅವನು ಸೇಮೋಸ್ ದ್ವೀಪದ ದೊರೆ ಪಾಲಿಕ್ರಟೀಸನ ಆಸ್ಥಾನದಲ್ಲಿದ್ದ, ಆ ದೊರೆಯ ಕೊಲೆಯಾದ ಮೇಲೆ ಅಥೆನ್ಸಿನ ಆಳುವ ಮನೆತನದ ಹಿಪಾರ್ಕಸ್ 50 ಹುಟ್ಟುಗಳ ಹಡಗು ಕಳಿಸಿ ಅವನನ್ನು ಕರೆಸಿಕೊಂಡ. ಲೈರ್ ಎಂಬ ತಂತಿವಾದ್ಯ ಮೀಟುತ್ತಾ ಹಾಡುತ್ತಿದ್ದ ಅವನ ಹಾಡುಗಳಲ್ಲಿ ನಮಗೆ ಸಿಕ್ಕಿರುವುದು ಜಾಸ್ತಿ ಚೂರುಗಳೇ.

ಅವನು ಸತ್ತ ಮೇಲೆ ಎಷ್ಟೋ ಶತಮಾನ, ಎಷ್ಟೋ ಜನ ಅವನ ಧಾಟಿಯಲ್ಲಿ ಬರೆದರು. ವೈನ್, ಗುಲಾಬಿ, ಈರೋಸ್, ಬಿಳಿಕೂದಲ ಮುದುಕ. ಹೀಗೆ ಸೇರಿದ ಸುಮಾರು 60 ಪದ್ಯಗಳು 10ನೇ ಶತಮಾನದ ಒಂದೇ ಹಸ್ತಪ್ರತಿಯಲ್ಲಿ ಬದುಕಿಕೊಂಡವು. 1554ರಲ್ಲಿ ಪ್ಯಾರಿಸ್ಸಿನಲ್ಲಿ ಮುದ್ರಕ ಆನ್ರಿ ಎತಿಯೆನ್ ಅವನ್ನು ಅಚ್ಚು ಹಾಕಿದ, ಅನಾಕ್ರಿಯಾನನವೇ ಅಂತ. ಫ್ರೆಂಚ್ ಕವಿ ರಾನ್ಸಾರ್ ಕುಣಿದಾಡಿದ. ಅನುಮಾನ ಪಟ್ಟವರು ಆಗಲೇ ಇದ್ದರು, ಆದರೆ ಭಾಷೆ, ಛಂದಸ್ಸು ನೋಡಿ ಇವು ಅವನವಲ್ಲ ಎಂದು ವಿದ್ವಾಂಸರೆಲ್ಲ ಒಪ್ಪಿದ್ದು 19ನೇ ಶತಮಾನದಲ್ಲಿ. ಅಷ್ಟರಲ್ಲಿ ಲಂಡನ್ನಿನ ಸಂಗೀತಪ್ರಿಯರ ಒಂದು ಕೂಟ ಅವನ ಹೆಸರಿಟ್ಟುಕೊಂಡು ಅವನ ಮೇಲೇ ಹಾಡು ಕಟ್ಟಿಯಾಗಿತ್ತು. ಆ ಹಾಡಿನ ಧಾಟಿಯಲ್ಲೇ ಇವತ್ತು ಅಮೆರಿಕದ ರಾಷ್ಟ್ರಗೀತೆ ಇದೆ!

ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ಮಾಲೆ ಅವನದು, ಮುಡಿದದ್ದು ನಾನು ಅಂತ ಆ ಕವಿಯೇ ಹೇಳಿದ್ದಾನೆ ಅಲ್ವಾ? ನನಗೆ ಬೇಜಾರಿರುವುದು ಬೇರೆ. ಹೆಸರಿನ ಜೊತೆ ಸದಾ ನಗುವ, ಕುಡಿಯುವ ಮುದುಕನ ಚಿತ್ರವೊಂದು ಅಂಟಿಕೊಂಡಿತು, ಅದರ ಹಿಂದೆ ಮೂಲ ಕವಿ ಮರೆಯಾದ. ಉಳಿದ ಚೂರೊಂದರಲ್ಲಿ ಅವನ ಕಣತಲೆಯ ಕೂದಲು ನರೆತಿದೆ, ಹಲ್ಲು ಹಳತಾಗಿವೆ. ಅವನು ಅಳುತ್ತಾನೆ. ಪಾತಾಳಕ್ಕೆ ಇಳಿಯುವ ದಾರಿ ಭಯಂಕರ, ಇಳಿದವರು ಹತ್ತಿ ಬರುವುದಿಲ್ಲ ಅನ್ನುತ್ತಾನೆ. ಈ ಚೂರಿನಲ್ಲಿ ವೈನೂ ಇಲ್ಲ, ಗುಲಾಬಿಯೂ ಇಲ್ಲ.