ಕಂದಾಯ ರಸೀದಿಯೊಳಗಿನ ಗ್ರಂಥಾಲಯ: ದಾವಣಗೆರೆಯ ಶೇ. 6ರ ಕಥೆ

ದಾವಣಗೆರೆಯಲ್ಲಿ ಸ್ವಂತ ಮನೆ ಇರುವವರೆಲ್ಲ ಗ್ರಂಥಾಲಯಕ್ಕೆ ವರ್ಷಾವರ್ಷ ದುಡ್ಡು ಕೊಡುತ್ತಿದ್ದಾರೆ. ಅದರ ಹೊಸ್ತಿಲು ತುಳಿದಿರಲಿ, ಬಿಟ್ಟಿರಲಿ. ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆಯ ರಸೀದಿ ಬಿಡಿಸಿ ನೋಡಿದರೆ ತೆರಿಗೆಯ ಕೆಳಗೆ ಸೆಸ್‌ಗಳ, ಅಂದರೆ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ಕರಗಳ, ಸಾಲು ಕಾಣುತ್ತದೆ. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಐದು ಸಾವಿರ ರೂಪಾಯಿ ತೆರಿಗೆ ಇದ್ದವರು ಗ್ರಂಥಾಲಯದ ಲೆಕ್ಕಕ್ಕೆ ಮುನ್ನೂರು ರೂಪಾಯಿ ಕೊಟ್ಟಂತಾಯಿತು. ನಾವು ಮಾತ್ರ ಏಪ್ರಿಲ್‌ನಲ್ಲೇ ಕಟ್ಟಿದ್ದಕ್ಕೆ ಶೇ. 5ರ ರಿಯಾಯಿತಿ ಬಂತೋ ಇಲ್ಲವೋ ಎಂದಷ್ಟೇ ನೋಡಿ ರಸೀದಿಯನ್ನು ಬೀರುವಿಗೆ ಸೇರಿಸುತ್ತೇವೆ.

ಗ್ರಂಥಾಲಯದ ಬಗ್ಗೆ ದೂರುವಾಗ ‘ಸರ್ಕಾರ ಪುಸ್ತಕ ಕೊಡಿಸಲಿಲ್ಲ, ಸರ್ಕಾರ ಪೇಪರ್ ನಿಲ್ಲಿಸಿತು’ ಎನ್ನುವುದು ರೂಢಿ. ಪುಸ್ತಕ, ಪೇಪರ್‌ಗೆ ಹೋಗಬೇಕಾದ ಹಣದಲ್ಲಿ ದೊಡ್ಡ ಪಾಲು ನಮ್ಮದೇ. ಅದು ನಮ್ಮ ಜೇಬಿನಿಂದ ಹೊರಟು ಓದುವ ಮೇಜು ಮುಟ್ಟುವ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ತಿಳಿಯಬೇಕಾದರೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

1956ರಲ್ಲಿ ಕನ್ನಡ ನಾಡು ಒಂದಾದಾಗ ಗ್ರಂಥಾಲಯದ ಕಾನೂನು ಮಾತ್ರ ಒಂದಾಗಿರಲಿಲ್ಲ. ಮಂಗಳೂರಿನ ಕಡೆ 1948ರ ಮದ್ರಾಸ್ ಕಾಯ್ದೆ, ಕಲಬುರಗಿಯ ಕಡೆ 1955ರ ಹೈದರಾಬಾದ್ ಕಾಯ್ದೆ. ಹಳೆ ಮೈಸೂರಿಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಗೆ ಯಾವ ಕಾಯ್ದೆಯೂ ಇರಲಿಲ್ಲ. ದಾವಣಗೆರೆ ಆಗ ಆ ಜಿಲ್ಲೆಯ ಒಂದು ತಾಲ್ಲೂಕು. ಹರಿಹರದ ಗಡಿ ದಾಟಿ ಹರಪನಹಳ್ಳಿಗೆ ಹೋದರೆ ಅದು 1953ರವರೆಗೂ ಮದ್ರಾಸ್ ಪ್ರಾಂತ್ಯ. ಗ್ರಂಥಾಲಯಕ್ಕೆಂದು ತೆರಿಗೆ ಎತ್ತುವ ಕಾನೂನು ಗಡಿಯ ಆ ಕಡೆಗೆ ಮೊದಲು ಬಂದಿತ್ತು. ಈ ಕಡೆ ಇದ್ದದ್ದು ಪುರಸಭೆಯ ವಾಚನಾಲಯ, ಸಂಘಗಳ ಕಪಾಟು, ಮಠಗಳ ಸಂಗ್ರಹ. ಜೊತೆಗೆ 1940ರ ದಶಕದಿಂದ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಿಗೆ ಕಳಿಸುತ್ತಿದ್ದ ಪುಸ್ತಕಗಳು. ಯಾರೋ ಉತ್ಸಾಹಿ ಮೇಷ್ಟರು ಊರಲ್ಲಿ ಇರುವಷ್ಟು ದಿನ ವಾಚನಾಲಯ ನಡೆಯುತ್ತಿತ್ತು. ಅವರಿಗೆ ವರ್ಗವಾದರೆ ಬೀಗ.

ಈ ಬೀಗದ ಸಮಸ್ಯೆಗೆ ಕಾನೂನೇ ಮದ್ದು ಎಂದು ದಶಕಗಟ್ಟಲೆ ವಾದಿಸಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿದರು. ಗ್ರಂಥಾಲಯ ನಡೆಯಬೇಕಾದ್ದು ದಾನದಿಂದಲ್ಲ, ತೆರಿಗೆಯಿಂದ ಎಂಬುದು ಅವರ ಪಟ್ಟು. ಅವರ ಕರಡಿನ ಬಲದಿಂದ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. 1966ರ ನವೆಂಬರ್‌ನಲ್ಲಿ ಗ್ರಂಥಾಲಯ ಇಲಾಖೆಯೂ ಶುರುವಾಯಿತು.

ಕಾಯ್ದೆಯ ಒಂದು ಜಾಣತನವನ್ನು ಹೇಳಲೇಬೇಕು. ಗ್ರಂಥಪಾಲಕರನ್ನು ಅದು ರಾಜ್ಯದ ನೌಕರರನ್ನಾಗಿ ಮಾಡಿತು. ಸಂಬಳ ರಾಜ್ಯದ ಬೊಕ್ಕಸದಿಂದ. ಹಾಗಾಗಿ ಸೆಸ್ ಹಣ ಸಂಬಳದಲ್ಲೇ ಕರಗದೆ ಪುಸ್ತಕ, ಪತ್ರಿಕೆ, ಬಾಡಿಗೆ, ಕುರ್ಚಿ-ಮೇಜಿಗೆ ಉಳಿಯಬೇಕು. ಒಂದು ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಕ್ಕೆ ನಗರ ಗ್ರಂಥಾಲಯ ಪ್ರಾಧಿಕಾರ, ಜಿಲ್ಲೆಯ ಉಳಿದ ಭಾಗಕ್ಕೆ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರ. ಸೆಸ್ ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆ, ಖರ್ಚು ಮಾಡುವುದು ಪ್ರಾಧಿಕಾರ. ಹಣ ಸಿಕ್ಕಿಬೀಳುವುದು ಈ ಎರಡರ ಸಂದಿಯಲ್ಲೇ.

ಮೊದಲಿಗೆ ಸೆಸ್ ಇದ್ದದ್ದು ರೂಪಾಯಿಗೆ ಮೂರು ಪೈಸೆ. ಆದರೆ ಅದಕ್ಕೆ ನಾಲ್ಕು ಮೂಲ: ಮನೆ-ನಿವೇಶನದ ತೆರಿಗೆ, ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್, ವಾಹನ ತೆರಿಗೆ, ವೃತ್ತಿ ತೆರಿಗೆ. ದಾವಣಗೆರೆಯಂಥ ಊರಿಗೆ ಇದರ ಅರ್ಥ ಏನಿತ್ತು ಎಂದು ಯೋಚಿಸಿ. ಇದು ಹತ್ತಿ ಗಿರಣಿಗಳ ಊರು, ಮಂಡಿಪೇಟೆಯ ಊರು. ಹತ್ತಿ, ಜೋಳ, ಶೇಂಗಾ ಹೊತ್ತ ಗಾಡಿ ಮತ್ತು ಲಾರಿ ನಾಕಾದಲ್ಲಿ ನಿಂತು ಆಕ್ಟ್ರಾಯ್ ಕಟ್ಟಿ ಒಳಗೆ ಬರಬೇಕಿತ್ತು. ತೆರಿಗೆ ಕಟ್ಟಿದ ಗುರುತಿಗೆ ಸೈಕಲ್ಲಿಗೆ ಬಿಲ್ಲೆ ಹಾಕಿಸಿಕೊಂಡ ನೆನಪು ಹಿರಿಯರಿಗೆ ಇನ್ನೂ ಇದೆ. ಮಂಡಿಯ ವಹಿವಾಟು ಹೆಚ್ಚಿದಷ್ಟೂ ಗ್ರಂಥಾಲಯದ ಪಾಲೂ ಹೆಚ್ಚಬೇಕು, ಅದು ಕಾಯ್ದೆಯ ಲೆಕ್ಕ.

ಆ ಲೆಕ್ಕ ಹೆಚ್ಚು ದಿನ ಬಾಳಲಿಲ್ಲ. ವೃತ್ತಿ ತೆರಿಗೆಯನ್ನು 1976ರ ಕಾಯ್ದೆಯ ಮೂಲಕ ರಾಜ್ಯವೇ ತೆಗೆದುಕೊಂಡಿತು. 1979ರಲ್ಲಿ ಆಕ್ಟ್ರಾಯ್ ರದ್ದಾಗಿ ಅದರ ಜಾಗಕ್ಕೆ ರಾಜ್ಯದ ಪ್ರವೇಶ ತೆರಿಗೆ ಬಂತು. ಸೈಕಲ್ ಬಿಲ್ಲೆಯೂ ಹೋಯಿತು. ನಾಲ್ಕು ಕಾಲಿನ ಮಂಚ ಒಂದೇ ಕಾಲಿನ ಮೇಲೆ ನಿಂತಿತು, ಅದು ಆಸ್ತಿ ತೆರಿಗೆ. ಮುಂದೆ ದರವನ್ನು ಮೂರರಿಂದ ಆರು ಪೈಸೆಗೆ ಏರಿಸಿದ್ದರಿಂದ ಸ್ವಲ್ಪ ಸಮಾಧಾನವಾಯಿತು ನಿಜ. ಆದರೂ ವ್ಯಾಪಾರದ ಊರಿನ ಗ್ರಂಥಾಲಯಕ್ಕೆ ವ್ಯಾಪಾರದ ನಂಟು ತಪ್ಪಿಹೋಯಿತು ಎನ್ನುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಅದರ ಬಗ್ಗೆ ಯಾರೂ ಮಾತಾಡಿದ್ದು ಕಡಿಮೆ.

ಇನ್ನು ಉಳಿದ ಆ ಒಂದು ಮೂಲದ ಹಣವಾದರೂ ಸಲೀಸಾಗಿ ಬರುತ್ತದೆಯೇ? ವಸೂಲಾದ ಸೆಸ್ಸನ್ನು ಪ್ರಾಧಿಕಾರಕ್ಕೆ ಸಕಾಲಕ್ಕೆ ಕಟ್ಟದೆ ಬಾಕಿ ಇಟ್ಟುಕೊಳ್ಳುವುದು ರಾಜ್ಯದ ಬಹಳಷ್ಟು ಸ್ಥಳೀಯ ಸಂಸ್ಥೆಗಳ ಹಳೆ ಚಾಳಿ. ಚರಂಡಿ ಕಟ್ಟಿಕೊಂಡಿದೆ, ಬೀದಿದೀಪ ಉರಿಯುತ್ತಿಲ್ಲ, ಗುತ್ತಿಗೆದಾರ ಬಾಗಿಲಲ್ಲಿ ನಿಂತಿದ್ದಾನೆ; ಅಂಥ ಹೊತ್ತಿನಲ್ಲಿ ಗ್ರಂಥಾಲಯದ ಚೆಕ್ ಮುಂದಿನ ತಿಂಗಳಿಗೆ ಹೋಗುತ್ತದೆ. ಓದುಗರು ಧರಣಿ ಕೂರುವವರಲ್ಲವಲ್ಲ. ತಮಾಷೆಯೆಂದರೆ ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಮೇಯರ್ ಅವರೇ ಅಧ್ಯಕ್ಷರು. ಕೊಡಬೇಕಾದ ಸಂಸ್ಥೆಗೂ ಅವರೇ ಯಜಮಾನರು, ಕೇಳಬೇಕಾದ ಸಂಸ್ಥೆಗೂ ಅವರೇ. ತಮ್ಮ ಮೇಲೆ ತಾವೇ ಒತ್ತಾಯ ತರುವ ಮೇಯರ್‌ಗಳು ಅಪರೂಪ.

ಹಣ ಬಂದ ಮೇಲಿನದು ಬೇರೆಯೇ ಕಥೆ. ಕನ್ನಡ ಪುಸ್ತಕಗಳನ್ನು ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಸಗಟಾಗಿ ಕೊಳ್ಳುತ್ತದೆ. ಆಯ್ಕೆ ಸಮಿತಿ ಒಪ್ಪಿದ ಒಂದು ಪುಸ್ತಕದ 300 ಪ್ರತಿ, ಪುಟಕ್ಕೆ ಇಷ್ಟು ಎಂಬ ದರ, ನಂತರ ರಾಜ್ಯದ ಗ್ರಂಥಾಲಯಗಳಿಗೆ ಹಂಚಿಕೆ. ಕನ್ನಡದ ಸಣ್ಣ ಪ್ರಕಾಶಕರು ಉಸಿರಾಡುವುದೇ ಇದರಿಂದ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಓದುಗ ಈ ಸರಪಳಿಯಲ್ಲಿ ಎಲ್ಲೂ ಇಲ್ಲ. ಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತನಿಗೂ ಕಡಲ ತೀರದ ಮೀನುಗಾರನಿಗೂ ಒಂದೇ ಪೆಟ್ಟಿಗೆ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಮೂರನೆಯದು. ಕಟ್ಟು ಬಿಚ್ಚಿ ಮುದ್ರೆ ಒತ್ತಿದ ಮೇಲೆ ಒಮ್ಮೆಯೂ ಹೊರಗೆ ಹೋಗದ ಪುಸ್ತಕಗಳು ಯಾವ ಶಾಖಾ ಗ್ರಂಥಾಲಯದಲ್ಲಾದರೂ ಒಂದು ಸಾಲು ಸಿಗುತ್ತವೆ. ಹಿಂಬದಿಗೆ ಅಂಟಿಸಿದ ದಿನಾಂಕದ ಚೀಟಿ ಖಾಲಿ, ಅಂಟು ಮಾತ್ರ ಹಳದಿಯಾಗಿರುತ್ತದೆ.

ಅಂಥವನ್ನು ತೆಗೆದು ಹೊಸದಕ್ಕೆ ಜಾಗ ಮಾಡಬಹುದಲ್ಲ ಎಂದರೆ ಅಲ್ಲಿ ಪರಿಗ್ರಹಣ ವಹಿ ಅಡ್ಡ ಬರುತ್ತದೆ. ಬಂದ ಪ್ರತಿ ಪುಸ್ತಕಕ್ಕೂ ಈ ವಹಿಯಲ್ಲಿ ಒಂದು ಕ್ರಮಸಂಖ್ಯೆ. ಆ ಸಂಖ್ಯೆ ಇದ್ದಷ್ಟು ದಿನ ಪುಸ್ತಕ ಸರ್ಕಾರಿ ಸ್ವತ್ತು. ಹರಿದದ್ದು, ಗೆದ್ದಲು ತಿಂದದ್ದು, ಕಾಲ ಮೀರಿದ್ದು ಯಾವುದೇ ಆಗಲಿ, ಅನುಮತಿಯಿಲ್ಲದೆ ಹೊರಗೆ ಹಾಕಿದರೆ ಆಡಿಟ್ ಆಕ್ಷೇಪಣೆ ಗ್ರಂಥಪಾಲಕರ ತಲೆಗೆ. ಈ ವಿಷಯದಲ್ಲಿ ಕೇಂದ್ರ ಸರ್ಕಾರದ ಹಣಕಾಸು ನಿಯಮಗಳೇ ಹೆಚ್ಚು ಉದಾರ. ವರ್ಷದಲ್ಲಿ ಬಳಕೆಯಾದ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ, ಅದರ ಹಿಂದೆ ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜ ನಷ್ಟ ಎಂದು ಅವು ಒಪ್ಪುತ್ತವೆ. ಜನ ಮುಟ್ಟುವ ಪುಸ್ತಕ ಕಳೆಯುತ್ತದೆ, ಮುಟ್ಟದ ಪುಸ್ತಕ ಮಾತ್ರ ಲೆಕ್ಕಕ್ಕೆ ಸರಿಯಾಗಿ ಸಿಗುತ್ತದೆ. ಈ ಭಯ ಇರುವ ಕಡೆ ಒಳ್ಳೆಯ ಪುಸ್ತಕಗಳೇ ಗಾಜಿನ ಬೀರು ಸೇರಿ ಬೀಗ ಹಾಕಿಸಿಕೊಳ್ಳುತ್ತವೆ. ಬೀಗದ ಕೈ ಇರುವವರು ಊಟಕ್ಕೆ ಹೋಗಿರುತ್ತಾರೆ.

ಗ್ರಂಥಾಲಯಕ್ಕೆ ಈಗ ಜನ ಬರುವುದಿಲ್ಲ ಎನ್ನುವವರು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಒಮ್ಮೆ ಹೋಗಿ ನೋಡಬೇಕು. ಪತ್ರಿಕಾ ವಿಭಾಗದಲ್ಲಿ ನಿವೃತ್ತರು ಒಂದೇ ಪೇಪರಿನ ಪುಟಗಳನ್ನು ಬಿಡಿಸಿ ಹಂಚಿಕೊಂಡಿರುತ್ತಾರೆ. ಕ್ರೀಡಾ ಪುಟಕ್ಕೆ ಸರದಿ. ಒಳಗಿನ ಮೇಜುಗಳು ಪಿಡಿಒ, ಪೊಲೀಸ್, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದು. ಅವರ ಪುಸ್ತಕ ಅವರದೇ, ನೀರಿನ ಬಾಟಲಿಯೂ ಅವರದೇ. ಗ್ರಂಥಾಲಯದಿಂದ ಬೇಕಿರುವುದು ಒಂದು ಕುರ್ಚಿ, ಒಂದು ಫ್ಯಾನು, ಸದ್ದಿಲ್ಲದ ಎಂಟು ಗಂಟೆ. ಇವರು ಪುಸ್ತಕ ಎರವಲು ಪಡೆಯುವುದಿಲ್ಲವಾದ್ದರಿಂದ ಲೆಕ್ಕದ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಕುರ್ಚಿ, ಬೆಳಕು, ಶೌಚಾಲಯಕ್ಕೆ ಹಣ ಕೇಳುವಾಗ ತೋರಿಸಬೇಕಾದ ಅಂಕಿ ಇವರೇ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ ನಗರ ಇದು, ಬಾಡಿಗೆ ಕೋಣೆಗಳಲ್ಲಿ ನಾಲ್ಕು ನಾಲ್ಕು ಜನ ಇದ್ದು ಓದುವವರ ನಗರ.

ಹಳ್ಳಿಗಳ ಕಡೆ ದೊಡ್ಡ ಬದಲಾವಣೆ ಆದದ್ದು 2019ರಲ್ಲಿ. ಅಲ್ಲಿಯವರೆಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. ಪಂಚಾಯಿತಿ ಮನೆ ಕಂದಾಯದ ಜೊತೆ ಶೇ. 6ರ ಸೆಸ್ ಎತ್ತಿ ಜಿಲ್ಲೆಗೆ ಕಳಿಸಬೇಕು, ಜಿಲ್ಲೆ ಪುಸ್ತಕ ಕಳಿಸಬೇಕು. ಪಂಚಾಯಿತಿಯವರು ‘ನಮ್ಮ ದುಡ್ಡು ಎಲ್ಲೋ ಹೋಗುತ್ತೆ’ ಎನ್ನುತ್ತಿದ್ದರು, ಜಿಲ್ಲೆಯವರು ‘ಎಲ್ಲಿ ಬರುತ್ತೆ?’ ಎನ್ನುತ್ತಿದ್ದರು. ನಡುವೆ ಕೆಲವೇ ಸಾವಿರ ರೂಪಾಯಿಯ ಗೌರವಧನಕ್ಕೆ ದಿನಕ್ಕೆ ಕೆಲವೇ ಗಂಟೆ ಬಾಗಿಲು ತೆಗೆಯುತ್ತಿದ್ದ ಮೇಲ್ವಿಚಾರಕರು. ಸರ್ಕಾರ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿತು. ಮುಂದಿನ ವರ್ಷ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಕೊರೊನಾದಿಂದ ಶಾಲೆ ಮುಚ್ಚಿದ್ದ ಕಾಲವದು, ಮಕ್ಕಳು ಬಂದರು. ಈಗ ಇವುಗಳ ಹೆಸರೇ ಅರಿವು ಕೇಂದ್ರ.

ಎತ್ತುವವರೂ ಖರ್ಚು ಮಾಡುವವರೂ ಒಬ್ಬರೇ ಆದದ್ದು ಈ ಬದಲಾವಣೆಯ ಬಹುದೊಡ್ಡ ಲಾಭ. ಗೋಡೆಗೆ ಬಣ್ಣ, ಮಕ್ಕಳಿಗೆ ಪುಟ್ಟ ಕುರ್ಚಿ, ಒಂದೆರಡು ಕಂಪ್ಯೂಟರ್ ಬಂದದ್ದು ಅಧ್ಯಕ್ಷರ ಕಣ್ಣಿಗೆ ಬೀಳುವ ಕೆಲಸ ಆದದ್ದರಿಂದಲೇ. ಹೋದದ್ದೂ ಇದೆ. ಪುಸ್ತಕ ವರ್ಗೀಕರಣ, ವಹಿ ನಿರ್ವಹಣೆ ಗೊತ್ತಿರುವ ಗ್ರಂಥಪಾಲಕರೆಲ್ಲ ಉಳಿದದ್ದು ಹಳೆ ಇಲಾಖೆಯಲ್ಲಿ. ಪಂಚಾಯಿತಿಯ ಆದಾಯವೂ ಎಲ್ಲ ಕಡೆ ಒಂದೇ ಅಲ್ಲ. ನಗರದ ಅಂಚಿನ, ಲೇಔಟುಗಳು ಏಳುತ್ತಿರುವ ಪಂಚಾಯಿತಿಯ ಶೇ. 6 ಬೇರೆ, ಮಳೆ ನಂಬಿದ ಜಗಳೂರು ಸೀಮೆಯ ಪಂಚಾಯಿತಿಯ ಶೇ. 6 ಬೇರೆ. ಮೊದಲು ಜಿಲ್ಲೆಯ ಒಂದೇ ಗಂಟಿನಿಂದ ಹಂಚಿದಾಗ ಉಳ್ಳ ಊರು ಇಲ್ಲದ ಊರಿಗೆ ಕೊಡಬಹುದಿತ್ತು. ಈಗ ಹೆಚ್ಚುಕಡಿಮೆ ಅವರವರ ತಟ್ಟೆ ಅವರವರಿಗೆ, ಮೇಲೆ ಇಲಾಖೆಯ ಅನುದಾನ ಬಂದಷ್ಟು.

ನಗರದಲ್ಲಿ 1965ರ ಏರ್ಪಾಡೇ ಇಂದಿಗೂ ನಡೆದಿದೆ. ಪಾಲಿಕೆ ಎತ್ತುತ್ತದೆ, ಪ್ರಾಧಿಕಾರ ಕಾಯುತ್ತದೆ. ಹಳ್ಳಿಯ ಮಾದರಿಯನ್ನು ಇಲ್ಲಿಗೂ ತಂದು ಗ್ರಂಥಾಲಯವನ್ನು ಪಾಲಿಕೆಗೇ ಒಪ್ಪಿಸಿ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚರಂಡಿಯ ಎದುರು ಪುಸ್ತಕ ಸೋಲುವುದು ಆಗ ಇನ್ನೂ ಸುಲಭ. ತೆರಿಗೆ ಈಗ ಕಂಪ್ಯೂಟರಿನಲ್ಲೇ ಜಮಾ ಆಗುತ್ತದೆ. ರಸೀದಿ ಹುಟ್ಟಿದ ಕ್ಷಣವೇ ಶೇ. 6 ನೇರ ಪ್ರಾಧಿಕಾರದ ಖಾತೆಗೆ ಬೀಳುವಂತೆ ಮಾಡುವುದು ಇಂದಿನ ಬ್ಯಾಂಕ್ ವ್ಯವಸ್ಥೆಯಲ್ಲಿ ಕಷ್ಟದ ಕೆಲಸವೇನಲ್ಲ, ಬೇಕಿರುವುದು ಆದೇಶ. ಅಲ್ಲಿಯವರೆಗೆ ಹಳ್ಳಿಯವರಿಗೆ ಇರುವ ಒಂದು ಅನುಕೂಲ ನಗರದವರಿಗಿಲ್ಲ. ಆಗಸ್ಟ್–ಸೆಪ್ಟೆಂಬರ್‌ನ ಜಮಾಬಂದಿಯಲ್ಲಿ ಪಂಚಾಯಿತಿ ತನ್ನ ಲೆಕ್ಕವನ್ನು ಊರ ಮುಂದೆ ಇಡಬೇಕು, ಗ್ರಂಥಾಲಯ ಕರ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಯಾರು ಬೇಕಾದರೂ ಎದ್ದು ಕೇಳಬಹುದು. ದಾವಣಗೆರೆಯವರು ಇದನ್ನು ಕೇಳಬೇಕಾದರೆ ಬಜೆಟ್‌ಗೆ ಮೊದಲು ಪಾಲಿಕೆ ಕರೆಯುವ ಸಾರ್ವಜನಿಕರ ಸಭೆಗೆ ಹೋಗಬೇಕು, ಇಲ್ಲವೇ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಕಟ್ಟಬೇಕು.